ಅಟ್ಟದ ಮೇಲೆ ಹಳೇ ಬಾವುಟ ಇಟ್ಟುಕೊಂಡವನ ಪ್ರಶ್ನೆ: ನಮ್ಮಂಥವರಿಗೆ ದೇಶಭಕ್ತಿ ಅಂದ್ರೆ ಏನು?

ಮೂರನೇಮಹಡಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ. ಜಗಳದ ಬಿಸಿ ಇನ್ನೂ ಆರಿಲ್ಲ.

ನಾವಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಎಂಬತ್ತನಾಲ್ಕು ಮನೆ. ಆಗಸ್ಟ್ 15ರ ಬೆಳಿಗ್ಗೆ ಎಂಟೂವರೆಗೆ ಕೆಳಗೆ ಧ್ವಜಾರೋಹಣ, ಆಮೇಲೆ ಮಕ್ಕಳ ಹಾಡು, ಉಪ್ಪಿಟ್ಟು, ಕೇಸರಿಬಾತು. ಪ್ರತಿ ವರ್ಷ ನಡೆಯುವಂಥದ್ದೇ. ಈ ಸಲ ಹೊಸದೊಂದು ಸೇರಿಕೊಂಡಿತು. ಮಧ್ಯಾಹ್ನ ವಾಟ್ಸಾಪ್ ಗುಂಪಿನಲ್ಲಿ, ಯಾರ್ಯಾರು ಬರಲಿಲ್ಲವೋ ಅವರ ಮನೆ ನಂಬರುಗಳ ಪಟ್ಟಿ ಬಂತು. ಅದರ ಕೆಳಗೆ ಒಂದು ಸಾಲು: ಗಡಿಯಲ್ಲಿ ಸೈನಿಕರು ಹಗಲೂ ರಾತ್ರಿ ನಿಂತಿದ್ದಾರೆ, ನಮಗೆ ಹತ್ತು ನಿಮಿಷ ನಿಲ್ಲೋಕೆ ಆಗಲ್ವಾ? ಅದಕ್ಕೆ ಇಪ್ಪತ್ತು ಜನ ಕೈಮುಗಿದ ಇಮೋಜಿ ಹಾಕಿದ್ದರು.

ಪಟ್ಟಿಯಲ್ಲಿ ನಮ್ಮ ಮನೆ ನಂಬರೂ ಇತ್ತು.

ನನ್ನ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಹದಿನಾಲ್ಕರ ರಾತ್ರಿ ಅವಳಿಗೆ ನೈಟ್ ಡ್ಯೂಟಿ. ಮಳೆಗಾಲ, ಡೆಂಗಿ ಬೇರೆ, ವಾರ್ಡಿನಲ್ಲಿ ಒಂದು ಮಂಚವೂ ಖಾಲಿ ಇರಲಿಲ್ಲವಂತೆ. ಗಂಟೆಗೊಮ್ಮೆ ಒಂದು ಮಗುವಿನ ಡ್ರಿಪ್ ನೋಡಿಕೊಂಡು, ಬೆಳಿಗ್ಗೆ ಚಾರ್ಜ್ ಕೊಟ್ಟು, ಒಂಬತ್ತಕ್ಕೆ ಮನೆಗೆ ಬಂದು, ಸ್ನಾನ ಮಾಡಿ ಮಲಗಿದಳು. ಎದ್ದು ಫೋನ್ ನೋಡಿದಳು. ಏನೂ ಮಾತಾಡಲಿಲ್ಲ. ತಟ್ಟೆಗೆ ಅನ್ನ ಹಾಕಿಕೊಂಡು ಊಟ ಮಾಡಿದಳು, ಅಷ್ಟೇ. ನಾನು ಮಾತ್ರ ಸುಮ್ಮನಿರಲಾಗದೆ ಗುಂಪಿನಲ್ಲಿ ಬರೆದೆ, ಬರೆಯಬಾರದ್ದನ್ನೂ ಬರೆದೆ. ಪಟ್ಟಿ ಹಾಕಿದವರ ಕಾರು ಎರಡು ಪಾರ್ಕಿಂಗ್ ಜಾಗ ತಿನ್ನುವುದನ್ನೂ ಎಳೆದು ತಂದೆ. ಅದು ಬೇಕಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಿಮ್ಮ ತಲೆ ತಿನ್ನುತ್ತಿರಲಿಲ್ಲ. ಮಾರನೇ ದಿನ ಸೂಟ್‌ಕೇಸ್ ತೆಗೆಯಲು ಅಟ್ಟ ಹತ್ತಿದೆ. ಅಲ್ಲಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬಾವುಟ. 2022ರಲ್ಲಿ ಮನೆಮನೆಯ ಮೇಲೂ ಬಾವುಟ ಹಾರಿಸಿ ಅಂದಾಗ ಸಿಗ್ನಲ್‌ನಲ್ಲಿ ಕೊಂಡಿದ್ದು. ಪಾಲಿಯೆಸ್ಟರ್. ಬಾಲ್ಕನಿಯ ಗ್ರಿಲ್ಲಿಗೆ ಕಟ್ಟಿದೆ, ಫೋಟೋ ತೆಗೆದು ಸ್ಟೇಟಸ್ ಹಾಕಿದೆ, ಮರೆತೆ. ಗಣೇಶನ ಹಬ್ಬ ಹೋಯಿತು, ದಸರಾ ಹೋಯಿತು. ಕೇಸರಿ ಬಿಸಿಲಿಗೆ ಬಿಳಚಿಕೊಂಡು ಹಳೇ ಬೈರಾಸಿನ ಬಣ್ಣಕ್ಕೆ ಬಂದಿತ್ತು, ಒಂದು ಅಂಚು ಗ್ರಿಲ್ಲಿಗೆ ಸಿಕ್ಕಿ ಹರಿದು ನೂಲು ಜೋತಾಡುತ್ತಿತ್ತು. ದೀಪಾವಳಿಗೆ ಬಾಲ್ಕನಿ ತೊಳೆಯುವಾಗ ಬಿಚ್ಚಿದೆ. ಎಸೆಯೋಕೆ ಮನಸ್ಸು ಬರಲಿಲ್ಲ, ಇಟ್ಟುಕೊಳ್ಳೋಕೂ ಗೊತ್ತಾಗಲಿಲ್ಲ, ಅಟ್ಟ ಸೇರಿತು. ಮೂರು ವರ್ಷದಿಂದ ಅಲ್ಲೇ ಇದೆ, ಒಡೆದ ಮಿಕ್ಸಿ ಜಾರಿನ ಪಕ್ಕ.

ಏಣಿಯ ಮೇಲೆ ನಿಂತಾಗ ಇನ್ನೂ ಒಂದು ನೆನಪಾಯಿತು. ಹೋದ ವರ್ಷ ಬಚ್ಚಲುಮನೆಗೆ ಟೈಲ್ಸ್ ಹಾಕಿಸುವಾಗ ಅಂಗಡಿಯವನು ಬಿಲ್ ಬೇಕಾ ಸಾರ್ ಅಂದ. ಬೇಡ ಅಂದೆ. ಶೇ. 18 ಉಳಿಯಿತಲ್ಲ ಅಂತ ಮನೆಗೆ ಬಂದು ಜಂಬ ಬೇರೆ ಕೊಚ್ಚಿಕೊಂಡೆ.

ಈಗ ನನ್ನ ಪ್ರಶ್ನೆ ಎರಡು. ಸೈನ್ಯದಲ್ಲಿ ಇಲ್ಲದ, ರಾಜಕೀಯದಲ್ಲಿ ಇಲ್ಲದ, ಇಎಂಐ ಕಟ್ಟಿಕೊಂಡು ಬದುಕುವ ನಮ್ಮಂಥವರಿಗೆ ದೇಶಭಕ್ತಿ ಅಂದರೆ ಏನು? ಅದನ್ನು ಅಳೆಯುವ ಹಕ್ಕು ಯಾರಿಗಾದರೂ ಇದೆಯಾ? ಎರಡನೆಯದು, ಆ ಬಾವುಟವನ್ನು ನಾನೇನು ಮಾಡಲಿ?


ನೇರನುಡಿ:

ನೇರವಾಗಿ ಹೇಳುತ್ತೇನೆ. ಪಟ್ಟಿ ಹಾಕಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಮನೆಯವರು ಬಾರದೆ ಇದ್ದದ್ದೂ ಸರಿಯೇ, ರಾತ್ರಿಯೆಲ್ಲ ನಿದ್ದೆಗೆಟ್ಟವರನ್ನು ಯಾರು ಕೇಳುತ್ತಾರೆ. ಆದರೆ ನೀವು? ನಿಮಗೆ ಯಾವ ಡ್ಯೂಟಿ ಇತ್ತು ಸಾರ್? ಇಡೀ ಬರಹದಲ್ಲಿ ನೀವು ಹೆಂಡತಿಯ ಸೆರಗಿನ ಹಿಂದೆ ನಿಂತು ಮಾತಾಡಿದ್ದೀರಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇಲ್ವಾ?

ರಾಷ್ಟ್ರಗೀತೆ 52 ಸೆಕೆಂಡ್. ವರ್ಷಕ್ಕೆ ಎರಡು ದಿನ. ಅಷ್ಟಕ್ಕೂ ಯಾಕೆ, ಹೇಗೆ, ನನ್ನ ಭಕ್ತಿ ನನ್ನೊಳಗಿದೆ ಅಂತ ಶುರು ಮಾಡುತ್ತಾರೆ. ಸಿನಿಮಾ ಥಿಯೇಟರಿನ ಕಥೆ ನೆನಪಿದೆ ತಾನೆ? 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರಗೀತೆ ಕಡ್ಡಾಯ ಅಂದಿತು, 2018ರ ಜನವರಿಯಲ್ಲಿ ಕಡ್ಡಾಯವಿಲ್ಲ, ಹಾಕುವುದು ಬಿಡುವುದು ಥಿಯೇಟರಿಗೆ ಬಿಟ್ಟದ್ದು ಅಂದಿತು. ನಾನೂ ಒಪ್ಪಿದೆ, ಭಕ್ತಿಗೆ ಬಲವಂತ ಬೇಡ. ಆದರೆ ಬಲವಂತ ಹೋದ ಮೇಲೆ ನಾವಾಗಿಯೇ ಎಷ್ಟು ಮಾಡಿದೆವು? ಸೀಟು ಹುಡುಕುತ್ತಾ ಪಾಪ್‌ಕಾರ್ನ್ ತಿಂದೆವು.

ಎಲ್ಲರೂ ಸೇರಿ ಒಂದು ಕಡೆ ನಿಲ್ಲುವುದಕ್ಕೂ ಒಂದು ಬೆಲೆ ಇದೆ. ಮದುವೆಗೆ ಹೋಗದೆ ಮನಸ್ಸಿನಲ್ಲೇ ಹಾರೈಸಿದೆ ಅಂದರೆ ಹೆಣ್ಣಿನ ಕಡೆಯವರು ಒಪ್ಪುತ್ತಾರಾ?


ಮೂರನೇಮಹಡಿ:

ಸಿಕ್ಕಿಬಿದ್ದೆ. ನಾನು ಮಲಗಿದ್ದೆ. ರಜೆ ಅಲ್ವಾ, ಇನ್ನು ಹತ್ತು ನಿಮಿಷ ಅಂತ ಹೊದ್ದುಕೊಂಡೆ, ಎದ್ದಾಗ ಕೆಳಗೆ ಜನಗಣಮನ ಮುಗಿಯುತ್ತಿತ್ತು. ಮಂಚದ ಪಕ್ಕ ಎದ್ದು ನಿಂತೆ ಅಂದರೆ ನಂಬುತ್ತೀರಾ? ಲುಂಗಿಯಲ್ಲಿ.


ನೇರನುಡಿ:

ನಂಬುತ್ತೇನೆ. ನಾನೂ ನಿಂತಿದ್ದೇನೆ ಹಾಗೆ.


ಬೆಂಗೇರಿಹುಡುಗಿ:

ಬಾವುಟದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮವ್ವ ಹುಬ್ಬಳ್ಳಿ ಕಡೆ ಖಾದಿ ಬಾವುಟ ಹೊಲಿಯುವವಳು. ಇಪ್ಪತ್ತು ವರ್ಷದ ಮೇಲಾಯಿತು.

ನಿಮಗೆ ಗೊತ್ತಿರಬಹುದು, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, 1957ರಲ್ಲಿ ಶುರುವಾದದ್ದು. ಅಲ್ಲಿನ ಬಾವುಟಕ್ಕೆ 2006ರಿಂದ ಐಎಸ್‌ಐ ಗುರುತು ಇದೆ. ಬಟ್ಟೆ ಬರುವುದು ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ. ಧಾರವಾಡದ ಹತ್ತಿರದ ಗರಗ ಇದೆಯಲ್ಲ, ಅದೂ ಬಾವುಟದ ಬಟ್ಟೆಗೆ ಹೆಸರಾದ ಊರು. ಕೈಯಲ್ಲಿ ನೂಲಬೇಕು, ಕೈಮಗ್ಗದಲ್ಲಿ ನೇಯಬೇಕು, ಬಣ್ಣ ಹಾಕಬೇಕು, ಚಕ್ರದ ಅಚ್ಚು ಒತ್ತಬೇಕು, ಮೂರು ಪಟ್ಟಿ ಜೋಡಿಸಿ ಹೊಲಿಯಬೇಕು, ಕೊನೆಗೆ ಹಗ್ಗ ಹಾಕಬೇಕು. ಚಕ್ರಕ್ಕೆ 24 ಅರೆ. ಎರಡೂ ಕಡೆ ಒತ್ತಿದ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಬಿಸಿಲಿಗೆ ಹಿಡಿದರೆ ಒಂದೇ ಚಕ್ರ ಕಾಣಬೇಕು. ಅಳತೆ ಒಂದಿಷ್ಟು ತಪ್ಪಿದರೂ ಪೂರ್ತಿ ಬಾವುಟ ಪಕ್ಕಕ್ಕೆ. ನಮ್ಮವ್ವನಿಗೆ ಓದು ನಾಲ್ಕನೇ ಇಯತ್ತೆ, ಆದರೆ ಒಂಬತ್ತು ಸೈಜಿನ ಅಳತೆ ಬಾಯಿಪಾಠ. ಇಪ್ಪತ್ತೊಂದು ಅಡಿಗೆ ಹದಿನಾಲ್ಕು ಅಡಿಯದು ಎಲ್ಲಕ್ಕಿಂತ ದೊಡ್ಡದು. ಅದನ್ನು ಹೊಲಿಯುವಾಗ ಇಬ್ಬರು ಬಟ್ಟೆ ಹಿಡಿದುಕೊಂಡು ಹಿಂದೆ ಹಿಂದೆ ನಡೆಯಬೇಕು, ಕೂಸಿನ ಜೋಳಿಗೆ ಹಿಡಿದ ಹಾಗೆ.

ಈಗ ತಮಾಷೆ ಕೇಳಿ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿದರು. ಅಲ್ಲಿಯವರೆಗೆ ಕೈಯಲ್ಲಿ ನೂತು ನೇಯ್ದ ಬಟ್ಟೆಯೇ ಆಗಬೇಕಿತ್ತು. ಆಮೇಲೆ ಪಾಲಿಯೆಸ್ಟರ್ ಆದೀತು, ಮಷೀನಿನದೂ ಆದೀತು ಅಂತಾಯಿತು. ಮುಂದಿನ ವರ್ಷ ಮನೆಮನೆಗೂ ಬಾವುಟ. ನಮ್ಮ ಓಣಿಯಲ್ಲಿ ಹಿಂದೆಂದೂ ಕಾಣದಷ್ಟು ಬಾವುಟ ಹಾರಿದವು, ಬಾವುಟ ಹೊಲಿಯುವ ನಮ್ಮವ್ವನ ಕೈಯಲ್ಲಿ ಮಾತ್ರ ಅಂದುಕೊಂಡಷ್ಟು ಕೆಲಸ ಇರಲಿಲ್ಲ. ಪಾಲಿಯೆಸ್ಟರಿನದು ಅಗ್ಗ, ಬಡವರೂ ಕೊಳ್ಳಬಹುದು ಅನ್ನುವ ಮಾತು ಸುಳ್ಳಲ್ಲ. ಖರೆ ಹೇಳಬೇಕೆಂದರೆ ನಮ್ಮ ಮನೆಯ ಮೇಲೂ ಆ ವರ್ಷ ಹಾರಿದ್ದು ಪಾಲಿಯೆಸ್ಟರಿನದೇ, ನಮ್ಮ ತಮ್ಮ ತಂದದ್ದು. ಅವ್ವ ಅದರ ಅಂಚು ಹಿಡಿದು ನೋಡಿ, ಹೊಲಿಗೆ ಚಲೋ ಇಲ್ಲ ಅಂದಳು, ತಾನೇ ಇನ್ನೊಂದು ಹೊಲಿಗೆ ಹಾಕಿ ಕೊಟ್ಟಳು.

ಅವಳಿಗೆ ದೇಶಭಕ್ತಿ ಇದೆಯಾ ಅಂತ ನಾನು ಯಾವತ್ತೂ ಕೇಳಿಲ್ಲ. ಕೇಳಿದರೆ, ಏನವಾ ನಿಂದು, ಹಿಟ್ಟು ನಾದು ಹೋಗು ಅಂತಾಳೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಧ್ವಜ ಸಂಹಿತೆಯಲ್ಲೇ ಇದೆ. ಹರಿದ, ಬಣ್ಣ ಹೋದ ಬಾವುಟ ಹಾರಿಸಬಾರದು. ಅದನ್ನು ಇಡಿಯಾಗಿ, ಯಾರಿಗೂ ಕಾಣದ ಕಡೆ, ಮರ್ಯಾದೆಯಿಂದ ಇಲ್ಲವಾಗಿಸಬೇಕು. ಸುಡುವುದು ಒಳ್ಳೆಯದು ಅಂತ ಇದೆ. ಕಸದ ಬುಟ್ಟಿ, ಒರೆಸುವ ಬಟ್ಟೆ, ಅದೆಲ್ಲ ಇಲ್ಲ.


ಮೂರನೇಮಹಡಿ:

ಸುಡೋದಾ? ಅಪಾರ್ಟ್‌ಮೆಂಟ್ ಟೆರೇಸಿನಲ್ಲಿ ನಾನು ಬಾವುಟ ಸುಡುವುದನ್ನು ಯಾರಾದರೂ ವಿಡಿಯೋ ಮಾಡಿದರೆ ಸಂಜೆಯೊಳಗೆ ನಾನು ಟಿವಿಯಲ್ಲಿ ಇರುತ್ತೇನೆ. ಮೊದಲೇ ಪಟ್ಟಿಯಲ್ಲಿರುವವನು.


ಮೇಷ್ಟ್ರು_ಮದ್ದೂರು:

ಆ ಹೆದರಿಕೆ ಸುಳ್ಳಲ್ಲ. 1971ರ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯ್ದೆಯ ಪ್ರಕಾರ ಜನರೆದುರು ಬಾವುಟ ಸುಟ್ಟು ಅವಮಾನ ಮಾಡಿದರೆ ಮೂರು ವರ್ಷದವರೆಗೆ ಜೈಲು ಇದೆ. ಅದಕ್ಕೇ ಸಂಹಿತೆ ಯಾರಿಗೂ ಕಾಣದ ಹಾಗೆ ಅಂದಿರುವುದು. ಊರಿನ ಹಿತ್ತಲು ಇದ್ದರೆ ಅಲ್ಲಿ ಮಾಡಿ.

ನೇರನುಡಿಯವರ ಮಾತು ನನಗೆ ಅರ್ಧ ಹಿಡಿಸಿತು. ಬಾವುಟ ಬರೀ ಬಟ್ಟೆ ಅಂತ ನಾನೂ ಹೇಳಲಾರೆ, ಯಾಕೆಂದರೆ ನಾನು ಪಾಠ ಮಾಡುವ ಊರು ಶಿವಪುರದ ಪಕ್ಕದಲ್ಲೇ ಇದೆ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ಆಗಿನ ಮೈಸೂರು ಸಂಸ್ಥಾನದ ನಿಷೇಧ ಇತ್ತು. ಆಗ ಬಾವುಟದಲ್ಲಿ ಚಕ್ರ ಇರಲಿಲ್ಲ, ಚರಕ ಇತ್ತು. ಗಾಡಿ ಕಟ್ಟಿಕೊಂಡು, ನಡೆದುಕೊಂಡು ಸುತ್ತಲ ಹಳ್ಳಿಯ ಜನ ಬಂದರು, ಮುಂದಾಳುಗಳನ್ನು ಹಿಡಿದರು, ಆದರೂ ಬಾವುಟ ಏರಿತು. ಎರಡು ವಾರ ಕಳೆದು, ಅದೇ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜಾತ್ರೆಗೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕಾರಣ ಇದೇ, ಬಾವುಟ. ಸತ್ತವರು ಎಷ್ಟು ಅನ್ನುವುದರಲ್ಲಿ ಸರ್ಕಾರದ ಲೆಕ್ಕಕ್ಕೂ ಊರವರ ಲೆಕ್ಕಕ್ಕೂ ಇವತ್ತಿಗೂ ತಾಳೆ ಬೀಳುವುದಿಲ್ಲ. ಆಮೇಲೆ ಸರ್ದಾರ್ ಪಟೇಲರು ಬಂದು ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿ, ಮೈಸೂರು ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ರಾಜಿಯಾಯಿತು.

ಇದನ್ನು ಪಾಠ ಮಾಡಿದಾಗ ಒಬ್ಬ ಏಳನೇ ಕ್ಲಾಸಿನ ಹುಡುಗ ಕೇಳಿದ: ಸಾರ್, ಆಗ ಬಾವುಟ ಹಾರಿಸಿದ್ರೆ ಹೊಡೀತಿದ್ರು, ಈಗ ಹಾರಿಸದೆ ಇದ್ರೆ ಬೈತಾರೆ, ಹಂಗಾದ್ರೆ ಧೈರ್ಯ ಯಾವ್ದಕ್ಕೆ ಬೇಕು? ನಾನು ಬೆಲ್ ಹೊಡೆಯಲಿ ಅಂತ ಕಾದೆ.

ಈಗ ಉಳಿದರ್ಧ. ನಾನು ಚುನಾವಣೆ ಡ್ಯೂಟಿ ಮಾಡುವವನು. 2024ರ ಏಪ್ರಿಲ್ 26. ಹಿಂದಿನ ದಿನ ಬೆಳಿಗ್ಗೆಯೇ ಮಸ್ಟರಿಂಗ್ ಸೆಂಟರಿಗೆ ಹೋಗಿ, ಮಷೀನು, ಕವರು, ಅರಗು, ಶಾಯಿ ಎಲ್ಲ ಎಣಿಸಿಕೊಂಡು, ಬಸ್ಸಿನಲ್ಲಿ ಬೂತಿಗೆ ಬಂದು, ಶಾಲೆಯ ಬೆಂಚಿನ ಮೇಲೆ ಮಲಗಿದೆವು. ಮಲಗಿದ್ದು ಎಲ್ಲಿ, ಸೊಳ್ಳೆ ಹೊಡೆದೆವು. ಬೆಳಿಗ್ಗೆ ಐದೂವರೆಗೆ ಮಾಕ್ ಪೋಲ್, ಅಂದರೆ ಅಣಕು ಮತದಾನ, ಏಳರಿಂದ ಆರರವರೆಗೆ ಮತದಾನ. ಆ ಬಿಸಿಲಿನಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಬೈಕಿನಿಂದ ಇಳಿದು ಬಂದು, ನಮ್ಮ ಹುಡುಗಿ ಬೆರಳಿಗೆ ಶಾಯಿ ಹಚ್ಚುವಾಗ, ಇದು ನಮ್ಮ ಮೈಸೂರಿಂದು ಅಲ್ವೇನವ್ವ ಅಂತ ಕೇಳಿದರು. ಹೌದು, 1962ರ ಚುನಾವಣೆಯಿಂದಲೂ ಆ ಶಾಯಿ ಮೈಸೂರಿನದೇ. ಎಲ್ಲ ಮುಗಿದು, ಬಿದ್ದ ಮತಗಳ ಲೆಕ್ಕದ 17ಸಿ ನಮೂನೆ ಬರೆದು, ಮಷೀನು ವಾಪಸ್ ಒಪ್ಪಿಸುವ ಡಿಮಸ್ಟರಿಂಗ್ ಮುಗಿಸಿ ಮನೆ ಸೇರಿದಾಗ ರಾತ್ರಿ ಒಂದೂವರೆ.

ಅವತ್ತು ಮಂಡ್ಯದಲ್ಲಿ ಶೇ. 81ಕ್ಕಿಂತ ಜಾಸ್ತಿ ಮತದಾನ ಆಯಿತು. ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರ ಶೇ. 55 ಮುಟ್ಟಲಿಲ್ಲ. ಶುಕ್ರವಾರ ಬಂದಿತ್ತಲ್ಲ, ಮೂರು ದಿನ ರಜೆ ಸಿಕ್ಕಿತು. ನಿಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಮತ ಹಾಕದ ಮನೆಗಳ ಪಟ್ಟಿ ಬಂದಿತ್ತಾ? ಬರಬೇಕು ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಕೇಳಿದೆ.

ಸಂವಿಧಾನದ 51ಎ ವಿಧಿಯಲ್ಲಿ ಮೂಲಭೂತ ಕರ್ತವ್ಯಗಳು ಅಂತ ಇವೆ. 1976ರಲ್ಲಿ ಹತ್ತು ಸೇರಿಸಿದರು, 2002ರಲ್ಲಿ ಹನ್ನೊಂದನೆಯದು. ಬಾವುಟ, ರಾಷ್ಟ್ರಗೀತೆಗೆ ಗೌರವ ಕೊಡುವುದು ಮೊದಲನೆಯದರಲ್ಲೇ ಬರುತ್ತದೆ. ಆಮೇಲೆ ಕೆರೆ ಕಾಡು ಉಳಿಸುವುದು, ಸಾರ್ವಜನಿಕ ಆಸ್ತಿ ಕಾಯುವುದು, ಜಾತಿ ಧರ್ಮ ಭಾಷೆ ನೋಡದೆ ಸೌಹಾರ್ದ, ಮಕ್ಕಳನ್ನು ಶಾಲೆಗೆ ಕಳಿಸುವುದು. ಜನ ಮೊದಲನೆಯದನ್ನು ಓದಿ ಪುಸ್ತಕ ಮುಚ್ಚುತ್ತಾರೆ ಅನ್ನಿಸುತ್ತದೆ ನನಗೆ. ಮಕ್ಕಳೂ ಪರೀಕ್ಷೆಗೆ ಹಾಗೇ ಓದುವುದು.


ನೇರನುಡಿ:

ಮೇಷ್ಟ್ರೇ, ಮತದಾನದ ವಿಷಯಕ್ಕೆ ಉತ್ತರ ಇಲ್ಲ. ನಾನು ಹಾಕಿದ್ದೆ, ನನ್ನ ಇಬ್ಬರು ಮಕ್ಕಳು ಕೂರ್ಗಿಗೆ ಹೋಗಿದ್ದರು.

ಆದರೆ ಒಂದು ಮಾತು ಕೇಳುತ್ತೇನೆ, ಯಾರೂ ಸಿಟ್ಟಾಗಬೇಡಿ. ನರ್ಸಮ್ಮನಿಗೆ ಸಂಬಳ ಬರುತ್ತದೆ. ನಿಮಗೆ ಎಲೆಕ್ಷನ್ ಭತ್ಯೆ ಬರುತ್ತದೆ. ಬೆಂಗೇರಿಯವರ ತಾಯಿಗೂ ಕೂಲಿ ಬರುತ್ತದೆ. ಸಂಬಳಕ್ಕೆ ಮಾಡಿದ ಕೆಲಸವನ್ನೆಲ್ಲ ದೇಶಭಕ್ತಿ ಅಂತ ಕರೆಯುತ್ತಾ ಹೋದರೆ ಆ ಮಾತಿಗೆ ಅರ್ಥ ಏನು ಉಳಿಯಿತು? ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದೆ. ಅದೂ ದೇಶಸೇವೆಯಾ?


ಮಾಜಿಹವಾಲ್ದಾರ್_ಸೋಮವಾರಪೇಟೆ:

ನನಗೂ ಸಂಬಳ ಬರುತ್ತಿತ್ತು ಸ್ವಾಮಿ. ಈಗ ಪೆನ್ಶನ್ ಬರುತ್ತಿದೆ.

ನಗಬೇಡಿ, ನಾನು ಅಣಕಿಸುತ್ತಿಲ್ಲ. ಮನೆಯಲ್ಲಿ ಎರಡೆಕರೆ ಕಾಫಿ, ನಾಲ್ಕು ಜನ ಅಣ್ಣತಮ್ಮಂದಿರು. ಭರ್ತಿಗೆ ಹೋಗಿ ಓಡಿದೆ, ಸೆಲೆಕ್ಟ್ ಆದೆ. ಕೆಲಸ ಬೇಕಿತ್ತು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ದೇಶ ಅನ್ನುವುದು ಒಳಗೆ ಹೋದ ಮೇಲೆ ನಿಧಾನವಾಗಿ ಗೊತ್ತಾಯಿತು, ಅದೂ ಭಾಷಣದಲ್ಲಿ ಅಲ್ಲ, ಲಂಗರಿನಲ್ಲಿ, ಅಂದರೆ ಸೈನಿಕರ ಊಟದ ಮನೆಯಲ್ಲಿ. ನನ್ನ ಪಕ್ಕದ ಮಂಚದವನು ಬಿಹಾರದವನು. ಅವನ ಊರಿನ ಹೆಸರು ಮೂರು ತಿಂಗಳು ನನ್ನ ಬಾಯಿಗೆ ಬರಲಿಲ್ಲ, ಅವನ ಬಾಯಿಗೆ ಸೋಮವಾರಪೇಟೆ ಕೊನೆವರೆಗೂ ಬರಲಿಲ್ಲ. ಚಳಿಯಲ್ಲಿ ನನ್ನ ಸೆಂಟ್ರಿ (ಕಾವಲು) ಸರದಿಗೆ ಅವನು ಎರಡು ಸಲ ನಿಂತ, ನನಗೆ ಜ್ವರ ಇತ್ತು. ಅವನು ಎಚ್ಚರ ಇದ್ದದ್ದಕ್ಕೆ ನಾನು ನಿದ್ದೆ ಮಾಡಿದೆ. ಇಷ್ಟೇ. ನಾವು ದೇಶದ ಬಗ್ಗೆ ಮಾತಾಡಿದ್ದು ಬಹಳ ಕಡಿಮೆ, ರಜೆಯ ಬಗ್ಗೆ ಮಾತಾಡಿದ್ದು ಜಾಸ್ತಿ.

ಹಾಗಾಗಿ ಗಡಿಯಲ್ಲಿ ಸೈನಿಕ ನಿಂತಿದ್ದಾನೆ, ನೀನು ಯಾಕೆ ನಿಂತಿಲ್ಲ ಅಂತ ಯಾರಾದರೂ ನನ್ನ ಹೆಸರು ಹಿಡಿದು ನರ್ಸಮ್ಮನಿಗೆ ಬೈದರೆ ನನಗೆ ಮೈ ಉರಿಯುತ್ತದೆ. ಆ ರಾತ್ರಿ ಆ ತಾಯಿ ಮಾಡಿದ್ದೂ ಸೆಂಟ್ರಿಯೇ. ಹೆಂಡತಿ ಮಕ್ಕಳಿಗೆ ಹುಷಾರಿಲ್ಲದಾಗ ಯಾರು ಬೇಕಾದರೂ ರಾತ್ರಿ ಎದ್ದಿರುತ್ತಾರೆ. ಗುರುತು ಪರಿಚಯ ಇಲ್ಲದವರಿಗೆ ಎದ್ದಿರುವುದು, ಅದೂ ಯಾರೂ ನೋಡದಾಗ ಕಣ್ಣು ಮುಚ್ಚದೆ ಇರುವುದು, ಸಂಬಳ ಕೊಟ್ಟ ಮಾತ್ರಕ್ಕೆ ಬರುವುದಿಲ್ಲ. ಸಂಬಳ ತೆಗೆದುಕೊಂಡು ನಿದ್ದೆ ಮಾಡಿದವರನ್ನೂ ನಾನು ನೋಡಿದ್ದೇನೆ. ಬ್ಯಾಂಕಿನವರು ಕೇಳಿದಿರಲ್ಲ, ನೀವು ಲೆಡ್ಜರ್ ಸರಿಯಾಗಿ ಬರೆದಿದ್ದರೆ ಯಾರೋ ಒಬ್ಬ ವಿಧವೆಯ ಎಫ್‌ಡಿ ಉಳಿದಿರುತ್ತದೆ. ಅದಕ್ಕೆ ಯಾವ ಹೆಸರು ಬೇಕಾದರೂ ಇಡಿ.

ನಮ್ಮ ಕೊಡಗಿನಲ್ಲಿ ಮಕ್ಕಳಿಗೆಲ್ಲ ಹೇಳುವ ಒಂದು ಕಥೆ ಇದೆ. 1965ರ ಯುದ್ಧದಲ್ಲಿ, ನಮ್ಮ ಸೈನ್ಯದ ದಂಡನಾಯಕರಾಗಿದ್ದ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆ ಸಿಕ್ಕಿದರು. ಆಗ ಅಲ್ಲಿ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ದೇಶ ಒಡೆಯುವ ಮೊದಲು ಇಬ್ಬರೂ ಒಂದೇ ಸೈನ್ಯದಲ್ಲಿದ್ದವರು. ನಿಮ್ಮ ಮಗನನ್ನು ಬಿಡುತ್ತೇವೆ ಅಂತ ಹೇಳಿಕಳಿಸಿದರಂತೆ. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಥರ ನೋಡಿಕೊಳ್ಳಿ ಅಂದರು. ಚಿಕ್ಕಂದಿನಲ್ಲಿ ಇದನ್ನು ಕೇಳಿ ಎದೆ ಉಬ್ಬುತ್ತಿತ್ತು. ನನಗೆ ಮಗ ಹುಟ್ಟಿದ ಮೇಲೆ ಇದೇ ಕಥೆ ಕೇಳಿದರೆ ಹೊಟ್ಟೆ ಹಿಂಡುತ್ತದೆ.

ಇನ್ನೊಂದು ಹೇಳಿ ಮುಗಿಸುತ್ತೇನೆ. ನಿವೃತ್ತಿ ಆಗಿ ಬಂದ ಮೇಲೆ ಜಮೀನಿನ ಒಂದು ಕಾಗದಕ್ಕೆ ಒಂದು ಕಚೇರಿಗೆ ಹೋದೆ. ಮಾಜಿ ಸೈನಿಕ ಅಂದ ಕೂಡಲೇ ಅಲ್ಲಿದ್ದವರು ಕುರ್ಚಿಯಿಂದ ಎದ್ದು ನಿಂತು ಜೈ ಹಿಂದ್ ಸಾರ್ ಅಂದರು. ಟೀ ತರಿಸಿದರು. ಫೋನಿನಲ್ಲಿ ನನ್ನ ಜೊತೆ ಸೆಲ್ಫಿ ತೆಗೆದುಕೊಂಡರು. ಆಮೇಲೆ ಐನೂರು ಕೇಳಿದರು.


ಬೆಂಗೇರಿಹುಡುಗಿ:

ಅಯ್ಯೋ. ಕೊಟ್ರಾ?


ಮಾಜಿಹವಾಲ್ದಾರ್_ಸೋಮವಾರಪೇಟೆ:

ಕೊಡಲಿಲ್ಲ. ಹನ್ನೊಂದು ಸಲ ಓಡಾಡಿದೆ. ಬಸ್ ಚಾರ್ಜೇ ಐನೂರು ದಾಟಿತು.


ಶಾರ್ಜಾಕನ್ನಡಿಗ:

ಹೊರಗಿರುವವನು ನಾನೂ ಒಂದೆರಡು ಸಾಲು ಬರೆಯುತ್ತೇನೆ. ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಊರಲ್ಲಿದ್ದಾಗ ನಾನು ನಂಜನಗೂಡಿನವನು, ಇಂಥ ಬೀದಿಯವನು, ಇಂಥವರ ಮಗ. ಇಲ್ಲಿ ಬಂದ ಮೊದಲ ದಿನವೇ ಎಲ್ಲ ಹೋಗಿ ನಾನು ಬರೀ ಹಿಂದಿ ಆದೆ. ಅರಬ್ಬಿಯಲ್ಲಿ ಹಿಂದಿ ಅಂದರೆ ಭಾರತದವನು ಅಂತ ಅರ್ಥ. ನನಗೋ ಹಿಂದಿಯಲ್ಲಿ ನಾಲ್ಕು ಮಾತು ನೆಟ್ಟಗೆ ಬರುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ರೂಮಿನಲ್ಲಿ ಒಬ್ಬರು ನಿದ್ದೆಯಲ್ಲೇ ತೀರಿಕೊಂಡರು. ಬೀದರ್ ಕಡೆಯವರು. ಹೆಣವನ್ನು ಊರಿಗೆ ಕಳಿಸುವುದೆಂದರೆ ಪೊಲೀಸರ ಕಾಗದ, ಆಸ್ಪತ್ರೆಯ ಕಾಗದ, ಕಾನ್ಸುಲೇಟಿನ ಕಾಗದ, ವೀಸಾ ರದ್ದು, ಕಾರ್ಗೋ ಬುಕಿಂಗ್. ನಾಲ್ಕು ದಿನ ಓಡಾಡಿದವರು ಇಬ್ಬರು ಮಲಯಾಳಿಗಳು, ಒಬ್ಬ ತೆಲಂಗಾಣದವನು. ಸತ್ತವರ ಹೆಸರು ಅವರಿಗೆ ಗೊತ್ತಾದದ್ದೇ ಪಾಸ್‌ಪೋರ್ಟ್ ನೋಡಿ. ಕೊನೆಗೆ ಮನೆಯವರಿಗೆ ಅಂತ ಎಲ್ಲರೂ ಹಣ ಹಾಕಿದರು, ಕ್ಲೀನಿಂಗ್ ಕೆಲಸದ ಹುಡುಗರೂ ಹಾಕಿದರು. ಹವಾಲ್ದಾರ್ ಸಾರ್ ಗುರುತು ಪರಿಚಯ ಇಲ್ಲದವರು ಅಂದದ್ದಕ್ಕೆ ಇದು ನೆನಪಾಯಿತು. ಈ ಮೂವರಲ್ಲಿ ಯಾರೂ ಅದಕ್ಕೆ ದೇಶಭಕ್ತಿ ಅಂತ ಹೆಸರಿಡಲಿಲ್ಲ. ನಮ್ಮೋನು ಅಲ್ಲವಾ ಅಂದರು, ಅಷ್ಟೇ.

ಮತದ ವಿಷಯ: ನಮ್ಮಂಥವರ ಹೆಸರು ಮತದಾರರ ಪಟ್ಟಿಯಲ್ಲಿ ಸೇರಬಹುದು, ಆದರೆ ಹಾಕೋಕೆ ಊರಿಗೇ ಬರಬೇಕು. ರಜೆ ಸಿಗಲ್ಲ, ಟಿಕೆಟ್ ದುಡ್ಡು ಇಲ್ಲ. ಬೆಂಗಳೂರಿನಲ್ಲಿ ಬೂತಿನ ಎದುರು ಮನೆ ಇದ್ದೂ ಹಾಕದವರನ್ನು ನೆನೆಸಿಕೊಂಡರೆ ಹೊಟ್ಟೆಕಿಚ್ಚು ಆಗುತ್ತದೆ ನೋಡಿ.


ನೇರನುಡಿ:

ಹವಾಲ್ದಾರರೇ, ನಿಮ್ಮ ಮಾತಿಗೆ ಒಂದು ರಾತ್ರಿ ಬಿಟ್ಟು ಉತ್ತರ ಬರೆಯುತ್ತಿದ್ದೇನೆ. ಪೂರ್ತಿ ಒಪ್ಪಿದೆ ಅಂತ ಹೇಳಲಾರೆ. ಒಳ್ಳೆ ಕೆಲಸಗಾರ ಬೇರೆ, ದೇಶಪ್ರೇಮಿ ಬೇರೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಬ್ರಿಟಿಷರ ಕಾಲದಲ್ಲೂ ಲೆಡ್ಜರ್ ಚೆನ್ನಾಗಿ ಬರೆಯುವವರು ಇದ್ದರು, ಅವರು ಶಿವಪುರಕ್ಕೆ ಹೋಗಲಿಲ್ಲ. ಆದರೆ ವಿಧವೆಯ ಎಫ್‌ಡಿ ಅಂದಿರಲ್ಲ, ಅಂಥದ್ದೊಂದು ನಿಜವಾಗಿ ನಡೆದಿತ್ತು, ಒಬ್ಬರ ಸಹಿ ಬೇರೆ ಥರ ಕಂಡು ನಾನು ದುಡ್ಡು ತಡೆದಿದ್ದೆ. ಮೂವತ್ತು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ನೀವು ಊಹೆಯಲ್ಲೇ ಹೇಳಿಬಿಟ್ಟಿರಿ.

ಮೂರನೇಮಹಡಿಯವರೇ, ಜನವರಿ 26ಕ್ಕೆ ಕೆಳಗೆ ಇಳಿಯಿರಿ. ಪಟ್ಟಿಗೆ ಹೆದರಿ ಬೇಡ. ಉಪ್ಪಿಟ್ಟಿಗಾದರೂ ಇಳಿಯಿರಿ.


ಮೇಷ್ಟ್ರು_ಮದ್ದೂರು:

ಲೆಡ್ಜರ್ ಬರೆದವರು ಶಿವಪುರಕ್ಕೆ ಹೋಗಲಿಲ್ಲ ಅನ್ನುವುದು ಒಳ್ಳೆಯ ಪಾಯಿಂಟು. ನನ್ನ ತಾತ ಹೋಗಲಿಲ್ಲ. ಶ್ಯಾನುಭೋಗರಾಗಿದ್ದರು, ಸರ್ಕಾರಿ ಕೆಲಸ, ಮನೆ ಬಾಗಿಲು ಹಾಕಿಕೊಂಡು ಕೂತರಂತೆ. ಹೋದವರಿಗೆ ಅಜ್ಜಿ ಹಿತ್ತಲಿನಿಂದ ಮಜ್ಜಿಗೆ ಕೊಟ್ಟರಂತೆ. ಮನೆಯಲ್ಲಿ ಇವತ್ತಿಗೂ ಇಬ್ಬರ ಪರವಾಗಿಯೂ ವಾದ ನಡೆಯುತ್ತದೆ.

ಹಾಡದೆ ಇದ್ದವರ ಬಗ್ಗೆಯೂ ಒಂದು ಮಾತು. 1986ರಲ್ಲಿ ಕೇರಳದ ಮೂವರು ಶಾಲಾ ಮಕ್ಕಳ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ತೆಗೆದಿದ್ದರು. ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಸುಮ್ಮನೆ ಗೌರವದಿಂದ ನಿಂತ ಮಕ್ಕಳು ಅವಮಾನ ಮಾಡಿದ ಹಾಗಾಗಲಿಲ್ಲ ಅಂತ. ನಿಮ್ಮ ಅಸೋಸಿಯೇಷನ್‌ನವರಿಗೆ ಈ ತೀರ್ಪು ಓದಿಸಿದರೆ ಒಳ್ಳೆಯದಿತ್ತು, ಆದರೆ ಓದುತ್ತಾರೆ ಅನ್ನುವ ಭರವಸೆ ನನಗಿಲ್ಲ.


ಮೂರನೇಮಹಡಿ:

ಎಲ್ಲರ ಮಾತೂ ಹೆಂಡತಿಗೆ ಓದಿ ಹೇಳಿದೆ. ಸೆಂಟ್ರಿ ಅಂದದ್ದಕ್ಕೆ ನಕ್ಕಳು. ಸೆಂಟ್ರಿಗೆ ಬಂದೂಕಾದರೂ ಇರುತ್ತದೆ, ನಮ್ಮ ವಾರ್ಡಿನಲ್ಲಿ ಬಿಪಿ ಮಷೀನೂ ಒಂದೇ ಅಂದಳು. ಆ ಡ್ರಿಪ್ ಹಾಕಿದ್ದ ಮಗು ಮೂರನೇ ದಿನ ಮನೆಗೆ ಹೋಯಿತಂತೆ.

ಪಟ್ಟಿ ಹಾಕಿದವರು ನಿನ್ನೆ ಲಿಫ್ಟಿನಲ್ಲಿ ಸಿಕ್ಕರು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ಪಾರ್ಕಿಂಗ್ ವಿಷಯ ಎತ್ತಬಾರದಿತ್ತು ಅಂದೆ. ಅವರು, ಮೇಡಂಗೆ ನೈಟ್ ಡ್ಯೂಟಿ ಅಂತ ಗೊತ್ತಿರಲಿಲ್ಲ ಅಂದರು. ನಂತರ ಮೂರನೇ ಮಹಡಿ ಬಂತು. ಪಟ್ಟಿ ಇನ್ನೂ ಗುಂಪಿನಲ್ಲೇ ಇದೆ, ಅಳಿಸಿಲ್ಲ.

ಬಾವುಟ ಅಟ್ಟದಿಂದ ಇಳಿಸಿ ಒಗೆದು ಮಡಚಿ ಇಟ್ಟಿದ್ದೇನೆ. ಮುಂದಿನ ತಿಂಗಳು ಚನ್ನರಾಯಪಟ್ಟಣದ ಹತ್ತಿರ ನಮ್ಮ ಊರಿಗೆ ಹೋಗುತ್ತೇವೆ. ಹಿತ್ತಲಲ್ಲಿ ತೆಂಗಿನ ಮರದ ಹಿಂದೆ ಜಾಗ ಇದೆ, ಬೆಳಗಿನ ಜಾವ ಯಾರೂ ಇರುವುದಿಲ್ಲ. ಬೆಂಗೇರಿಯವರೇ, ಪಾಲಿಯೆಸ್ಟರ್ ಸರಿಯಾಗಿ ಸುಡುತ್ತಾ?


ಬೆಂಗೇರಿಹುಡುಗಿ:

ಖಾದಿಯಾದರೆ ಬೂದಿ ಆಗುತ್ತದೆ. ಪಾಲಿಯೆಸ್ಟರ್ ಕರಗಿ ಗಂಟು ಕಟ್ಟುತ್ತದೆ, ಹೊಗೆ ವಾಸನೆ ಕೆಟ್ಟದು, ಕೈಗೆ ಹನಿ ಬಿದ್ದರೆ ಸುಡುತ್ತದೆ, ದೂರ ನಿಲ್ಲಿ. ಉಳಿದ ಗಂಟನ್ನು ಅಲ್ಲೇ ಮಣ್ಣಲ್ಲಿ ಹೂತುಬಿಡಿ. ಅವ್ವನನ್ನು ಕೇಳಿದೆ, ಅವಳೂ ಹಾಗೇ ಅಂದಳು. ಹೊಸದು ತಗೊಳ್ತೀರಾ ಅಂತಲೂ ಕೇಳಿದಳು.


ಮೂರನೇಮಹಡಿ:

ತಗೊಳ್ತೇನೆ. ಯಾವ ಸೈಜು?


ಬೆಂಗೇರಿಹುಡುಗಿ:

ಬಾಲ್ಕನಿಗೆ ಮೂರಡಿಗೆ ಎರಡಡಿ ಸಾಕು. ಖಾದಿ ಭಂಡಾರದಲ್ಲಿ ಕೇಳಿ, ಐಎಸ್‌ಐ ಗುರುತು ನೋಡಿ ತಗೊಳ್ಳಿ. ಬಿಲ್ ಹಾಕಿಸಿಕೊಳ್ಳಿ ಮತ್ತೆ 😀 ಗ್ರಿಲ್ಲಿಗೆ ದಾರದಲ್ಲಿ ಬಿಗಿಯಬೇಡಿ, ಒಂದು ಕೋಲು ಕಟ್ಟಿ, ಬಾವುಟದ ಜೊತೆಗೇ ಹಗ್ಗ ಬರುತ್ತದೆ. ಮಳೆ ಬಂದರೆ ಒಳಗೆ ತಗೊಳ್ಳಿ. ಒದ್ದೆ ಇರುವಾಗ ಮಾತ್ರ ಮಡಚಬೇಡಿ, ಹಸಿರು ಬಿಳಿಗೆ ಹತ್ತೀತು ಅಂತಾಳೆ ಅವ್ವ.